ಗಟ್ಟಿ ಶಾಕಪ್ಪು, ಖಾನಾಪುರದ ಹಂಚು

ನಮ್ಮೂರಲ್ಲಿ ಆಗ ಕಾರು ಎಂದರೆ ಎರಡೇ ಜಾತಿ: ದುಂಡಗಿನದು ಮತ್ತು ಚೌಕದ್ದು. ನಮ್ಮದು ಚೌಕದ್ದು. ಅಪ್ಪ ಅದನ್ನು ಕೊಂಡಾಗ ಅದರ ಬಣ್ಣ ಹಾಲಿನ ಕೆನೆಯಂತೆ ಇತ್ತಂತೆ. ನನಗೆ ತಿಳಿವಳಿಕೆ ಬರುವಷ್ಟರಲ್ಲಿ ಅದಕ್ಕೆ ಯಾರೋ ಚಹಾ ಬೆರೆಸಿದ್ದರು. ಅಪ್ಪನದು ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿ. ಕಾರಿನ ಡಿಕ್ಕಿಯಲ್ಲಿ ಸದಾ ಒಂದಷ್ಟು ಬೆಲ್ಲದ ಪೆಂಟಿಗಳು ಬಿದ್ದಿರುತ್ತಿದ್ದವು. ಊರಿನ ಬೇರೆಯವರ ಕಾರಿನ ಹಿಂದೆ ನಾಯಿಗಳು ಓಡುತ್ತಿದ್ದವು, ನಮ್ಮ ಕಾರಿನ ಹಿಂದೆ ಇರುವೆಗಳು.

ಈ ಕಾರಿನ ಶಾಕಪ್ಪುಗಳು ಯಾವಾಗ ಸತ್ತವು ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಶಾಕಪ್ಪು ಎಂದರೆ ಚಕ್ರಕ್ಕೂ ಕಾರಿನ ಮೈಗೂ ನಡುವೆ ನಿಂತು, ಗುಂಡಿಯ ಪೆಟ್ಟನ್ನು ತಾನೇ ನುಂಗಿ, ಕೂತವರನ್ನು ಬದುಕಿಸುವ ಎಣ್ಣೆಯ ಕೊಳವೆ. ನಮ್ಮವು ಎಣ್ಣೆಯನ್ನೆಲ್ಲ ರಸ್ತೆಗೆ ದಾನ ಮಾಡಿ ಬರಿಗೊಳವೆಗಳಾಗಿದ್ದವು. ಖಡೇಬಜಾರಿನಲ್ಲಿ ಒಂದು ಗುಂಡಿಗೆ ಬಿದ್ದರೆ ಅದರ ಜೋಲಿ ಕ್ಯಾಂಪಿನ ಚರ್ಚು ದಾಟಿದ ಮೇಲೂ ನಿಲ್ಲುತ್ತಿರಲಿಲ್ಲ. ಕಾರು ಮೂತಿ ಬಗ್ಗಿಸಿ ಬಗ್ಗಿಸಿ ಹೋಗುತ್ತಿದ್ದರೆ ಎದುರಿಗೆ ಬಂದ ಸೈಕಲ್ಲಿನವರು ತಮಗೇ ನಮಸ್ಕಾರ ಸಂದಿತೆಂದು ತಿರುಗಿ ಕೈ ಮುಗಿಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಹೊರಟರೆ ಮನೆ ಮುಟ್ಟುವಷ್ಟರಲ್ಲಿ ಬೆಣ್ಣೆ ಬಂದಿರುತ್ತಿತ್ತು. ಬೆಣ್ಣೆಯ ಮಾತನ್ನು ನನ್ನ ಗೆಳೆಯರು ನಂಬುವುದಿಲ್ಲ. ನಮಸ್ಕಾರದ ಮಾತನ್ನು ನಂಬುತ್ತಾರೆ, ಏಕೆಂದರೆ ಅವರಲ್ಲೊಬ್ಬ ಕೈ ಮುಗಿದಿದ್ದ.

ಇಷ್ಟಾದರೂ ಅಪ್ಪ ಶಾಕಪ್ಪು ಬದಲಿಸುವ ಮಾತು ಎತ್ತಿರಲಿಲ್ಲ. ಎತ್ತಿದವರು ಖಾನಾಪುರದಲ್ಲಿದ್ದ ಅಕ್ಕನ ಅತ್ತೆ.

ಅಕ್ಕನನ್ನು ಖಾನಾಪುರದ ಹಂಚಿನ ಭಟ್ಟಿಯವರ ಮನೆಗೆ ಕೊಟ್ಟಿದ್ದೆವು. ನಾನು ಹತ್ತನೇ ಇಯತ್ತೆಯಲ್ಲಿದ್ದ ವರ್ಷ ಅವಳಿಗೆ ಏಳನೇ ತಿಂಗಳು. ನಮ್ಮಲ್ಲಿ ಏಳಕ್ಕೆ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಚೊಚ್ಚಲ ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರಬೇಕು. ಹಿಂದಿನ ವರ್ಷ ನಾಗರ ಪಂಚಮಿಗೆ ಅಕ್ಕ ಇದೇ ಕಾರಿನಲ್ಲಿ ಬಂದು ಇದೇ ಕಾರಿನಲ್ಲಿ ಹೋಗಿದ್ದಳು. ಖಾನಾಪುರ ಮುಟ್ಟಿದ ವಾರದೊಳಗೆ ಅವಳ ಬಸಿರು ಇಳಿದುಹೋಗಿತ್ತು. ಕಾರಿನಿಂದಲೇ ಆಯಿತೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಈ ಒಂದು ಸಂಗತಿಯನ್ನು ನಾನು ಯಾರ ಮುಂದೆಯೂ ಉಬ್ಬಿಸಿ ಹೇಳಿಲ್ಲ.

ಕುಬಸದ ದಿನ ಗೊತ್ತು ಮಾಡಲು ಅಪ್ಪ ಟ್ರಂಕ್ ಕಾಲ್ ಹಚ್ಚಿದಾಗ ಆ ಕಡೆಯಿಂದ ಅಕ್ಕನ ಅತ್ತೆಯ ಧ್ವನಿ ಫೋನಿನಿಂದ ಹೊರಗೆ ಬಂದು ಇಡೀ ಅಂಗಡಿಗೆ ಕೇಳಿಸಿತು.

"ಕುಬಸಾ ಮಾಡ್ರಿ ಬೀಗರ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಡಬ್ಬಿ ಗಾಡ್ಯಾಗ ನನ್ನ ಸೊಸಿನ್ನ ಕಳಸಂಗಿಲ್ಲ. ಬಾಣಂತನಾ ಇಲ್ಲೇ ಆಗ್ಲಿ."

"ಬೆಳಗಾವ್ಯಾಗ ದೊಡ್ಡ ದವಾಖಾನಿ ಐತ್ರಿ. ಡಾಕ್ಟರ್ ಬಾಜೂಕ ಇರಬೇಕು ಅಂದಾರ..."

"ದವಾಖಾನಿ ಮುಟ್ಟೂತನಕ ಏನ ಉಳೀಬೇಕಲ್ರಿ? ಗಾಡಿ ಸುಧಾರಸಿಕೊಂಡ ಬರ್ರಿ. ಮೊದಲ ನಾ ಕುಂತ ನೋಡತೀನಿ. ನನ್ನ ನಡಾ ಒಪ್ಪಿದ್ರ ಕಳಸತೀನಿ, ಇಲ್ಲಂದ್ರ ಇಲ್ಲ."

ರೈಲು ಇದೆಯಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ರೈಲಿನ ಮೆಟ್ಟಿಲು ಅಕ್ಕನ ಹೊಟ್ಟೆಗಿಂತ ಎತ್ತರ, ಅದನ್ನು ಹತ್ತಬಾರದು ಎಂದು ಡಾಕ್ಟರೇ ಹೇಳಿದ್ದರು. ಉಳಿದದ್ದು ಕಾರು. ಅವ್ವ ಆ ಸಂಜೆ ಅಪ್ಪನ ಮುಂದೆ ಚಹಾದ ಬದಲು ಖಾಲಿ ಬಸಿ ಇಟ್ಟಳು.

"ಇದೇನ?"

"ಗಾಡಿ ಸುಧಾರಸ್ರಿ, ಆಮ್ಯಾಲ ಚಹಾ. ಮಗಳು ಮನಿಗಿ ಬರಬೇಕು."

ಅಪ್ಪ ದಿನಕ್ಕೆ ಎಂಟು ಸಲ ಚಹಾ ಕುಡಿಯುವವನು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ನಾವು ಕ್ಯಾಂಪಿನ ಗ್ಯಾರೇಜಿನಲ್ಲಿದ್ದೆವು.

ಗ್ಯಾರೇಜಿನ ಮಿಸ್ತ್ರಿ ಚಾಚಾ ಹಿಂದೆ ಮಿಲ್ಟ್ರಿ ಲಾರಿಗಳ ರಿಪೇರಿ ಮಾಡುತ್ತಿದ್ದವರು. ಅವರಿಗೆ ಸ್ಕೂಟರಿನ ಪಂಕ್ಚರ್ ತಂದು ಕೊಟ್ಟರೂ ಶತ್ರು ಗಡಿ ದಾಟಿದಂತೆ ಎದ್ದು ನಿಲ್ಲುತ್ತಿದ್ದರು. ಕಾರಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟು, ಅದು ತೊಟ್ಟಿಲಿನಂತೆ ತೂಗಾಡುವುದನ್ನು ನೋಡುತ್ತಾ ಬೀಡಿ ಹಚ್ಚಿದರು. ಬೀಡಿ ಅರ್ಧ ಮುಗಿಯಿತು, ಕಾರು ಇನ್ನೂ ತೂಗಾಡುತ್ತಿತ್ತು.

"ಇಂತಕಾಲ್ ಆಗ್ಯಾವ ಸಾವ್ಕಾರ್ರ. ನಾಕೂ ಸತ್ತಾವ," ಎಂದರು.

ಬೆಂಚಿನ ಮೇಲೆ ಮೂರು ಬಗೆಯ ಶಾಕಪ್ಪು ತಂದಿಟ್ಟರು. ಒಂದು, ಕಾರಿಗೆ ಮೊದಲು ಇದ್ದಂಥದ್ದೇ: ಒತ್ತಿದರೆ ನಿಧಾನವಾಗಿ ಒಳಗಿಳಿದು ನಿಧಾನವಾಗಿ ಹೊರಬರುವ ಸಾಧು. ಎರಡನೆಯದು ಸ್ವಲ್ಪ ಬಿಗಿ, ಘಟ್ಟದ ಟ್ಯಾಕ್ಸಿಗಳಿಗೆ ಹಾಕುವಂಥದ್ದು. ಮೂರನೆಯದು ಹಸಿರು ಬಣ್ಣದ್ದು, ಸಾಮಾನು ಹೊರುವ ವ್ಯಾನಿನದು. ಅದರ ಮೇಲೆ ನಾನು ನನ್ನ ಪೂರ್ತಿ ಭಾರ ಬಿಟ್ಟೆ. ಅದು ಕೂದಲೆಳೆಯಷ್ಟು ಕೆಳಗೆ ಹೋಗಿ ನನ್ನನ್ನು ಅವಮಾನಿಸಿ ಮೇಲೆ ಬಂತು.

ಇಲ್ಲಿ ಅಪ್ಪನ ವ್ಯಾಪಾರದ ಬಗ್ಗೆ ಒಂದು ಮಾತು. ಬೆಲ್ಲದ ಪೇಟೆಯಲ್ಲಿ ಪೆಂಟಿಯನ್ನು ಹೆಬ್ಬೆರಳಿನಿಂದ ಒತ್ತಿ ಕೊಳ್ಳುತ್ತಾರೆ. ಬೆರಳು ಇಳಿದರೆ ಆ ಬೆಲ್ಲ ಮಳೆಗಾಲಕ್ಕೆ ನೀರಾಗುತ್ತದೆ, ಇಳಿಯದಿದ್ದರೆ ವರ್ಷ ನಿಲ್ಲುತ್ತದೆ. ಅಪ್ಪ ಇಪ್ಪತ್ತೈದು ವರ್ಷ ಬೇರೇನನ್ನೂ ಒತ್ತಿ ನೋಡಿದವನಲ್ಲ. ಅಕ್ಕನಿಗೆ ವರ ನೋಡಲು ಹೋದಾಗ ಹುಡುಗನ ತೋಳನ್ನು ಹೆಬ್ಬೆರಳಿನಿಂದ ಒತ್ತಿದ್ದ ಎಂದು ನಾನು ಹೇಳುತ್ತಿರುತ್ತೇನೆ. ಅವ್ವ ಇಲ್ಲವೆನ್ನುತ್ತಾಳೆ.

ಅಪ್ಪ ಮೊದಲನೆಯ ಶಾಕಪ್ಪನ್ನು ಒತ್ತಿದ. ಉಗುರಿನಿಂದ ಬಡಿದ. ಮೂಸಿಯೂ ನೋಡಿದ.

"ಮಿಸ್ತ್ರಿ, ಇದು ಒಳಗ ಹೊಂಟೈತೆಲ್ಲ. ಮೆತ್ತನ ಮಾಲ್."

"ಮೆತ್ತಂದು ಪೇಟ್ಯಾಗ ತಿರುಗಾಕ ಸಾವ್ಕಾರ್ರ. ಮದುವಿ, ಮುಂಜವಿ, ಸಿನಿಮಾ."

"ಖಾನಾಪುರ ದಾರಿಗೆ?"

"ಆ ದಾರಿ ಮ್ಯಾಲ ದಿನಾ ಕಟ್ಟಿಗಿ ಲಾರಿ ಓಡ್ಯಾವ. ಮಳಿ ಬ್ಯಾರೆ ಈಗ ಮುಗದೈತಿ. ಒಂದೊಂದ ಗುಂಡ್ಯಾಗ ಒಂದೊಂದ ಖಾನದಾನ ಇರಬಹುದು." ಹಸಿರು ಶಾಕಪ್ಪನ್ನು ಎತ್ತಿ ಬೆಂಚಿಗೆ ಕುಕ್ಕಿದರು. "ಇದ ನೋಡ್ರಿ, ಮರ್ದ್ ಮಾಲ್. ಬುಶ್ ಬದಲಿ ಮಾಡಿ ಕುಂದ್ರಸ್ತೀನಿ. ಹಿಂದ ಒಂದ ಪಾಟಾ ಜಾಸ್ತಿ ಹಾಕ್ತೀನಿ. ಗುಂಡೀನ ಸಲಾಮ್ ಹೊಡೀಬೇಕು."

ಬುಶ್ ಎಂದರೆ ಶಾಕಪ್ಪಿನ ತುದಿಯ ರಬ್ಬರಿನ ಬಳೆ, ಪಾಟಾ ಎಂದರೆ ಹಿಂದಿನ ಚಕ್ರದ ಮೇಲೆ ಬಿಲ್ಲಿನಂತೆ ಕೂರುವ ಉಕ್ಕಿನ ಪಟ್ಟಿ. ಅಪ್ಪ ಹೆಬ್ಬೆರಳನ್ನು ಹಸಿರು ಮಾಲಿನ ಮೇಲೆ ಇಟ್ಟು, ಮುಖ ಕೆಂಪಾಗುವವರೆಗೆ ಒತ್ತಿ, ಅದು ಅಲುಗದೆ ಇದ್ದದ್ದು ಕಂಡು ಸಂತೋಷಪಟ್ಟ.

"ಇದನ್ನ ಹಾಕು. ಇದು ಮಗಳ ಕಾಲಕ್ಕೂ ಬರತೈತಿ, ಮೊಮ್ಮಗನ ಕಾಲಕ್ಕೂ ಬರತೈತಿ."

ನನಗೂ ಹಸಿರೇ ಬೇಕಿತ್ತು. ಆ ಸಂಜೆಯೇ ಗೆಳೆಯರಿಗೆ ನಮ್ಮ ಕಾರಿಗೆ ರಣಗಾಡಿಯ ಶಾಕಪ್ಪು ಬಿದ್ದಿದೆ, ಮೇಲೆ ತೋಪು ಕೂರಿಸುವುದೊಂದೇ ಬಾಕಿ ಎಂದು ಸುದ್ದಿ ಕೊಟ್ಟೆ.

ಊರಿನಲ್ಲಿ ಓಡಿಸಿ ನೋಡಿದೆವು. ಟಿಳಕವಾಡಿಯ ಗೇಟಿನ ಹಳಿ ದಾಟಿದರೂ ಕಾರು ಗಂಭೀರವಾಗಿತ್ತು. ಅವ್ವ ಹಿಂದೆ ಕೂತು, ಎರಡು ಗುಂಡಿಗಳನ್ನು ಬೇಕೆಂದೇ ಹಾಯಿಸಿ, "ಛಲೋ ಐತಿ, ಪಲ್ಲಕ್ಕ್ಯಾಗ ಕುಂತಂಗ" ಎಂದಳು. ಅಪ್ಪನಿಗೆ ಅಂದು ಸಾಲಾಗಿ ಮೂರು ಬಸಿ ಚಹಾ ಸಿಕ್ಕಿತು. ಡಿಕ್ಕಿಯಲ್ಲಿ ಎಂದಿನಂತೆ ಬೆಲ್ಲದ ಪೆಂಟಿಗಳು ತುಂಬಿದ್ದವು ಎನ್ನುವುದು ಯಾರ ತಲೆಗೂ ಬರಲಿಲ್ಲ. ಡಿಕ್ಕಿಯಲ್ಲಿ ಬೆಲ್ಲ ಇರುವುದು ಕಾರಿಗೆ ಚಕ್ರ ಇರುವಷ್ಟೇ ಸಹಜವಾಗಿತ್ತು.

ಕುಬಸದ ದಿನ ಅವ್ವ ಬೆಲ್ಲವನ್ನೆಲ್ಲ ಇಳಿಸಿ ಡಿಕ್ಕಿಯಲ್ಲಿ ಬುತ್ತಿ ತುಂಬಿಸಿದಳು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಮಾದಲಿ, ಗಡಿಗೆ ತುಂಬ ಮೊಸರನ್ನ. ಹಂಚುವುದಕ್ಕೆ ಅಲ್ಲ, ಖಾನಾಪುರಕ್ಕೆ ಮುತ್ತಿಗೆ ಹಾಕುವುದಕ್ಕೆ ಹೊರಟಷ್ಟು. ಮೇಲೆ ಐದು ಮಂದಿ ಮುತ್ತೈದೆಯರು: ಅವ್ವ, ಇಬ್ಬರು ಚಿಗವ್ವಂದಿರು, ಬಾಜು ಮನೆಯ ಇಬ್ಬರು. ಹಿಂದಿನ ಸೀಟಿನಲ್ಲಿ ನಾಲ್ವರು, ಮುಂದೆ ಅಪ್ಪನಿಗೂ ದೊಡ್ಡ ಚಿಗವ್ವನಿಗೂ ನಡುವೆ ನಾನು. ದೊಡ್ಡ ಚಿಗವ್ವ ಕೂತ ಕಡೆ ಕಾರು ಸ್ವಲ್ಪ ವಿನಯದಿಂದ ಬಾಗಿತು.

ದಾರಿಯಲ್ಲಿ ರಸ್ತೆ ಇರುವ ಜಾಗ ಕಡಿಮೆ. ಆದರೆ ಕಾರು ಗುಂಡಿಗಳ ಮೇಲೆ ಎಣ್ಣೆ ಹಚ್ಚಿದಂತೆ ಹೋಯಿತು. ಹಿಂದೆ ಕೂತವರು ದೇಸೂರಿನಿಂದ ಇದಲಹೊಂಡದವರೆಗೆ ಯಾರದೋ ಮದುವೆಯ ಸುದ್ದಿ ಒಂದೇ ಉಸಿರಿನಲ್ಲಿ ಹೇಳಿದರು, ಒಂದು ಅಕ್ಷರ ಅಲುಗಲಿಲ್ಲ. ಖಾನಾಪುರದ ಹೊಸ್ತಿಲಲ್ಲಿ ಇಳಿದಾಗ ಐವರ ಸೀರೆಯ ನಿರಿಗೆಗಳೂ ಮಡಚಿದಂತೆಯೇ ಇದ್ದವು. ಅಕ್ಕನ ಅತ್ತೆ ಆ ನಿರಿಗೆಗಳನ್ನು ಒಂದೊಂದಾಗಿ ನೋಡಿದರು. ಅಪ್ಪ ಕೊರಳು ಸ್ವಲ್ಪ ಉದ್ದ ಮಾಡಿಕೊಂಡ.

ಅಕ್ಕನಿಗೆ ಹಸಿರು ಸೀರೆ ಉಡಿಸಿದರು, ಹಸಿರು ಬಳೆ ಇಡಿಸಿದರು, ಉಡಿ ತುಂಬಿದರು. ಊಟವಾಯಿತು. ಬರುವಾಗ ಅಕ್ಕನಿಗೆ ಕಾರಿನಲ್ಲಿ ಜಾಗ ಬೇಕಲ್ಲ, ಅದಕ್ಕೆ ಅವ್ವನೊಬ್ಬಳನ್ನು ಬಿಟ್ಟು ಉಳಿದ ನಾಲ್ವರು ಮಧ್ಯಾಹ್ನದ ರೈಲು ಹಿಡಿದರು. ಬುತ್ತಿಯೂ ಖಾಲಿಯಾಗಿತ್ತು. ಆಗ ಅಕ್ಕನ ಅತ್ತೆ ಸೆರಗು ತಲೆಗೆಳೆದು ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತರು.

"ಹೊಳಿತನಕ ಹೋಗಿ ಬರೂಣು ನಡೀರಿ ಬೀಗರ."

ಅವರು ಹಿಡಿಯಷ್ಟು ಮನುಷ್ಯರು. ಕೂತದ್ದು ಸೀಟಿಗೇ ಗೊತ್ತಾಗಲಿಲ್ಲ. ಅಪ್ಪ ಓಡಿಸಿದ, ನಾನು ಅವನ ಪಕ್ಕ. ಮೊದಲ ಗುಂಡಿಯಲ್ಲಿ ಕಾರಿನ ಹಿಂಭಾಗ ಒದೆಯುವ ಕುದುರೆಯಂತೆ ಎದ್ದಿತು. ನಾನು ತಿರುಗಿ ನೋಡಿದೆ. ಅಕ್ಕನ ಅತ್ತೆ ಸೀಟಿನ ಮೇಲಿರಲಿಲ್ಲ, ಸೀಟಿಗಿಂತ ಸ್ವಲ್ಪ ಮೇಲಿದ್ದರು. ಆ ಗುಂಡಿಯಲ್ಲಿ ತಲೆಯ ಸೆರಗು ಜಾರಿತು, ಮುಂದಿನ ಗುಂಡಿಯಲ್ಲಿ ತಾನಾಗಿಯೇ ಬಂದು ತಲೆಯ ಮೇಲೆ ಕೂತಿತು. ಅಪ್ಪ ನಿಧಾನ ಮಾಡಿದ, ಪೆಟ್ಟೂ ನಿಧಾನವಾಗಿ ಬಿದ್ದಿತು. ಹೊಳೆ ಇನ್ನೂ ಕಂಡಿರಲಿಲ್ಲ.

"ನಿಲ್ಲಸ್ರಿ."

ಇಳಿದರು. ಬಾಗಿಲು ಹಾಕಿದರು. "ಬೀಗರ, ಇದು ಗಾಡಿ ಅಲ್ರಿ. ಒನಕಿ." ತಿರುಗಿ ಮನೆಯ ಕಡೆ ನಡೆಯತೊಡಗಿದರು. ಅಪ್ಪ ಅವರ ಹಿಂದೆ ಅವರ ನಡಿಗೆಗೆ ಸರಿಯಾಗಿ ಕಾರು ಬಿಡುತ್ತಾ ಬಂದ. ರಸ್ತೆಯ ಮಂದಿಯೆಲ್ಲ ನಿಂತು, ಬೆನ್ನಿಗೆ ಕಾರು ಕಟ್ಟಿಕೊಂಡು ಹೊರಟ ಹೆಂಗಸನ್ನು ನೋಡಿದರು.

ಅಕ್ಕ ಹೊಸ್ತಿಲಲ್ಲಿ ಕೈಚೀಲ ಹಿಡಿದು ನಿಂತಿದ್ದಳು. ಅತ್ತೆ ನಡೆದು ಬಂದದ್ದು ಕಂಡು ಚೀಲವನ್ನು ಕೆಳಗಿಟ್ಟಳು. ಅವ್ವ ಅಪ್ಪನ ಮುಖ ನೋಡಿದಳು. ಜೀವಮಾನದ ಚಹಾ ಆ ನೋಟದಲ್ಲೇ ನಿಂತುಹೋದದ್ದು ನನಗೆ ಕಂಡಿತು.

"ಮುಂಜಾನೆ ಹಿಂಗ ಇದ್ದಿದ್ದಿಲ್ರಿ," ಎಂದ ಅಪ್ಪ. "ಐದು ಮಂದಿ ಕುಂತು ಬಂದ್ರು. ಒಬ್ಬರೂ ಕುಂಯ್ ಅನಲಿಲ್ಲ. ಮಾಲ್ ಗಟ್ಟಿ ಐತ್ರಿ, ನಾ ಒತ್ತಿ ನೋಡೀನಿ."

ಅಕ್ಕನ ಅತ್ತೆ ಕಾಲು ತೊಳೆಯುತ್ತಿದ್ದವರು ತಂಬಿಗೆ ಹಿಡಿದೇ ನಿಂತರು.

"ಐದು ಮಂದಿ. ಮ್ಯಾಲ ಬುತ್ತಿ."

"ಹೌದ್ರಿ."

"ಈಗ ನಾ ಒಬ್ಬಾಕಿ." ತಂಬಿಗೆ ಕೆಳಗಿಟ್ಟರು. "ಖಾಲಿ ಚಕ್ಕಡಿ ಕುಣೀತೈತ್ರಿ ಬೀಗರ. ತುಂಬಿದ ಚಕ್ಕಡಿ ನಡೀತೈತಿ. ಅರ್ಧಾ ಹಂಚು ಹೇರಿ ಕಳಸಿದ್ರ ಪೇಟಿ ಮುಟ್ಟೂದ್ರಾಗ ಎಲ್ಲಾ ಚೂರು. ಪೂರ್ತಿ ಹೇರಿದ್ರ ಒಂದೂ ಒಡ್ಯಾಂಗಿಲ್ಲ. ಹಂಚು ಹೊರೂ ಗಾಡ್ಯಾಗ ಮನಷ್ಯಾರನ್ನ ಕುಂದ್ರಸೀರಿ ನೀವು." ಮಗನ ಕಡೆ ತಿರುಗಿದರು. "ಏ, ಭಟ್ಟಿಯಾಗಿಂದ ಹಂಚು ತಗೊಂಡ ಬಾ. ಡಿಕ್ಕಿ ತುಂಬು."

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರು ತಾಯಿಯ ಎದುರು ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಓಡಿದರು. ಹುಲ್ಲು ಹಾಸಿ, ಹಂಚುಗಳನ್ನು ನಿಲ್ಲಿಸಿ ಜೋಡಿಸಿದರು. ಒಂದೊಂದನ್ನೂ ಒಳಗಿಡುವ ಮೊದಲು ಅಕ್ಕನ ಅತ್ತೆ ಅದನ್ನು ಎಡಗೈಯಲ್ಲಿ ತೂಗಿ ಹಿಡಿದು ಬಲಗೈಯ ಗೆಣ್ಣಿನಿಂದ ಬಾರಿಸಿದರು. ಒಳ್ಳೆಯ ಹಂಚು ಟಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಸೀಳಿದ್ದರೂ ಬದ್ ಎನ್ನುತ್ತದೆ. ಟಣ್ ಎಂದದ್ದು ಮಾತ್ರ ಕಾರು ಹತ್ತಿತು.

"ಈಗ ಹೊಳಿತನಕ ಹೋಗಿ ಬರ್ರಿ. ನಾ ಬರಂಗಿಲ್ಲ. ಹಂಚು ಹೇಳತಾವ."

ಹೋಗಿ ಬಂದೆವು. ಕಾರು ಮತ್ತೆ ಬೆಳಗಿನ ಕಾರಾಗಿತ್ತು. ಅಪ್ಪನಿಗೆ ಜೀವ ಬಂದು, "ಗಟ್ಟಿ ಮಾಲ್ ಅಂದ್ರ ಭಾರ ಹೊತ್ತಾಗ ಗೊತ್ತಾಗತೈತಿ ನೋಡು" ಎಂದ. ಇದು ಅವನಿಗೆ ಮೊದಲಿನಿಂದಲೂ ಗೊತ್ತಿದ್ದಂತೆ ಕೇಳಿಸಿತು.

ಅಂಗಳದಲ್ಲಿ ಡಿಕ್ಕಿ ತೆರೆದರು. ಅಕ್ಕನ ಅತ್ತೆ ಚಾಪೆಯ ಮೇಲೆ ಕೂತು ಹಂಚುಗಳನ್ನು ಒಂದೊಂದಾಗಿ ತೆಗೆಸಿ ಬಾರಿಸತೊಡಗಿದರು. ಟಣ್. ಟಣ್. ಟಣ್. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಬಲಗೈ ಹೊಟ್ಟೆಯ ಮೇಲಿತ್ತು, ಪ್ರತಿ ಟಣ್‌ಗೂ ಎಡಗೈ ಚೀಲದ ಹಿಡಿಯನ್ನು ಸ್ವಲ್ಪ ಸ್ವಲ್ಪ ಮೇಲೆತ್ತುತ್ತಿತ್ತು. ರಾಶಿ ಈ ಕಡೆಯಿಂದ ಆ ಕಡೆಗೆ ಹೋಯಿತು. ಕೊನೆಗೆ ಮೂಲೆಯಲ್ಲಿದ್ದ ಒಂದು ಹಂಚು ಉಳಿಯಿತು.

ಬದ್.

ಅವರು ಅದನ್ನು ಮತ್ತೊಮ್ಮೆ ಬಾರಿಸಿದರು. ಬದ್.

"ಅದರ ಕೆಳಗ ಹುಲ್ಲು ಸರದಿತ್ರಿ," ಎಂದ ಅಪ್ಪ.

ಅಕ್ಕನ ಅತ್ತೆ ಸೊಸೆಯ ಕಡೆ ನೋಡಿದರು. "ನಿನ್ನ ಮನಸ್ಸೇನೈತಿ?"

"ನಾ ಹೋಗತೀನ್ರಿ ಅತ್ತಿ."

"ಹೋದ ವರ್ಷಾನೂ ಹಿಂಗ ಅಂದಿದ್ದಿ."

ಅಕ್ಕ ಚೀಲ ಕೆಳಗಿಡಲಿಲ್ಲ. "ಹೋದ ವರ್ಷ ನೀವು ಬಾಜೂಕ ಇದ್ದಿದ್ದಿಲ್ಲ," ಎಂದಳು.

ಅಕ್ಕನ ಅತ್ತೆ ಸೀಳಿದ ಹಂಚನ್ನು ಪಕ್ಕಕ್ಕಿಟ್ಟು, ಮೊಣಕಾಲು ಹಿಡಿದು ಎದ್ದು, ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಬೇರೆ ಸೀರೆ ಉಟ್ಟಿದ್ದರು, ಕೈಯಲ್ಲಿ ಗಂಟಿತ್ತು, ಕಂಕುಳಲ್ಲಿ ಎರಡು ದಿಂಬು.

"ಹಂಚು ವಾಪಸ್ ಹೇರು," ಎಂದರು ಮಗನಿಗೆ. "ಹುಲ್ಲು ಜಾಸ್ತಿ ಹಾಕು. ಇನ್ನೂ ಭಾರ ಬೇಕ್ರಿ ಬೀಗರ. ನಾನೂ ಬರತೀನಿ."

ಅವರ ಭಾರ ಎಷ್ಟೆಂದು ಆಗಲೇ ಹೇಳಿದ್ದೇನೆ. ಅಪ್ಪ ಬೆಲ್ಲ ತೂಗುವವನು, ಅವನಿಗೂ ಗೊತ್ತಿತ್ತು. "ಬರ್ರಿ, ಬರ್ರಿ. ಭಾರ ಬೇಕ ಬೇಕು," ಎಂದು ಬಾಗಿಲು ತೆರೆದ. ಹಿಂದೆ ಒಂದು ಕಡೆ ಅವ್ವ, ಒಂದು ಕಡೆ ಅವರು, ನಡುವೆ ದಿಂಬುಗಳ ಮೇಲೆ ಅಕ್ಕ. ಅವರ ಒಂದು ಕೈ ಅಕ್ಕನ ಬೆನ್ನ ಹಿಂದೆ, ಇನ್ನೊಂದು ಕೈ ಮುಂದಿನ ಸೀಟಿನ ಮೇಲೆ, ಅಂದರೆ ನನ್ನ ಭುಜದ ಮೇಲೆ. ಗುಂಡಿ ಬಂದಾಗೆಲ್ಲ ಆ ಕೈ ಭುಜವನ್ನು ಹಿಂಡುತ್ತಿತ್ತು. ಆ ದಾರಿಯಲ್ಲಿ ಎಲ್ಲೆಲ್ಲಿ ಗುಂಡಿಗಳಿದ್ದವು ಎಂದು ನನ್ನ ಭುಜ ಇವತ್ತಿಗೂ ತೋರಿಸಬಲ್ಲದು.

"ಸಾವಕಾಶ ಬೀಗರ."

"ಸಾವಕಾಶನ ಹೊಂಟೀನ್ರಿ."

"ಇನ್ನೂ ಸಾವಕಾಶ."

ಮೇವು ಹೊತ್ತ ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು. ದೇಸೂರಿನ ಹತ್ತಿರ ಒಂದು ಎಮ್ಮೆಯೂ ಹಿಂದೆ ಹಾಕಿತು, ಹೋಗುತ್ತಾ ತಿರುಗಿ ನೋಡಿತು. ಎಮ್ಮೆಯ ವಿಷಯದಲ್ಲಿ ಅಪ್ಪನೂ ನನ್ನ ಪರ ಸಾಕ್ಷಿ ಹೇಳುತ್ತಾನೆ. ಡಿಕ್ಕಿಯಿಂದ ಹಂಚುಗಳು ಒಂದಕ್ಕೊಂದು ತಾಗಿ ಸಣ್ಣಗೆ ಟಣಟಣ ಎನ್ನುತ್ತಿದ್ದವು, ಅಕ್ಕನ ಅತ್ತೆ ಕಣ್ಣು ಮುಚ್ಚಿ ಅದನ್ನೇ ಕೇಳುತ್ತಿದ್ದರು.

ನಮ್ಮ ಮನೆ ಮುಟ್ಟಿದಾಗ ಬೀದಿಯ ದೀಪಗಳು ಹತ್ತುತ್ತಿದ್ದವು. ರೈಲಿನಲ್ಲಿ ಬಂದವರು ಆರತಿ ಹಿಡಿದು ಕಾದು ಕಾದು ಎಣ್ಣೆ ಮುಗಿದು ಮತ್ತೆ ಹಾಕಿಕೊಂಡಿದ್ದರು. ಅಕ್ಕನ ಅತ್ತೆ ಮೊದಲು ಇಳಿದು ಡಿಕ್ಕಿ ತೆರೆಸಿ ಮೂಲೆಯ ಹಂಚೊಂದನ್ನು ಎತ್ತಿ ಬಾರಿಸಿದರು. ಟಣ್. ಅದನ್ನು ಒಳಗಿಟ್ಟು, ಕಾರಿನ ಬಾಗಿಲಿಗೆ ಬಂದು ಬಗ್ಗಿ ಕೇಳಿದರು.

"ಹ್ಯಾಂಗೈತಿ?"

ಅಕ್ಕ ಸ್ವಲ್ಪ ಯೋಚಿಸಿದಳು.

"ಹಸಿವ್ಯಾಗೇತ್ರಿ," ಎಂದಳು.

ಅಕ್ಕನ ಅತ್ತೆ ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ ಸೆರಗು ಅಡ್ಡ ಬಂದು ನನಗೆ ಕಾಣಲಿಲ್ಲ. ಅವ್ವ ಒಳಗೆ ಓಡಿ ಒಲೆ ಹಚ್ಚಿದಳು, ಅಕ್ಕನಿಗೆ ರೊಟ್ಟಿ ಬಡಿಯುವ ಮೊದಲು ಅಪ್ಪನಿಗೆ ಚಹಾ ಇಟ್ಟಳು.

ಮರುದಿನ ಹೋಗುತ್ತೇನೆ ಎಂದು ಬಂದ ಅಕ್ಕನ ಅತ್ತೆ ಮಗು ಹುಟ್ಟಿ ಅದಕ್ಕೆ ಹೆಸರಿಡುವವರೆಗೂ ನಮ್ಮಲ್ಲೇ ಉಳಿದರು. ಹೋಗಬೇಕೆಂದು ಅವರು ಎದ್ದಾಗಲೆಲ್ಲ ಅಕ್ಕ, "ಭಾರ ಕಡಿಮಿ ಆಗತೈತ್ರಿ ಅತ್ತಿ" ಎನ್ನುತ್ತಿದ್ದಳು, ಅವರು ಕೂರುತ್ತಿದ್ದರು. ಅವ್ವ ಮಾತ್ರ ಒಲೆಯ ಮುಂದೆ ಹಲ್ಲು ಕಚ್ಚಿಕೊಂಡಿದ್ದಳು, ಏಕೆಂದರೆ ಅವರು ರೊಟ್ಟಿಯನ್ನೂ ಗೆಣ್ಣಿನಿಂದ ಬಾರಿಸಿ ನೋಡುತ್ತಿದ್ದರು. ಆ ಹಂಚುಗಳು ಈಗ ನಮ್ಮ ಬಚ್ಚಲಿನ ಮೇಲಿವೆ. ಶಾಕಪ್ಪುಗಳು ಇನ್ನೂ ಕಾರಿನಲ್ಲೇ ಇವೆ, ಅಪ್ಪ ಬದಲಿಸಲು ಬಿಟ್ಟಿಲ್ಲ. ಅಕ್ಕ ಮಗಳೊಂದಿಗೆ ಬರುವ ದಿನ ಮಾತ್ರ ಅವನು ಬೆಳಗ್ಗೆಯೇ ಅಂಗಡಿಗೆ ಹೋಗಿ, ಯಾರಿಗೂ ಹೇಳದೆ, ಡಿಕ್ಕಿಯ ತುಂಬ ಬೆಲ್ಲ ಹೇರಿಕೊಂಡು ಖಾನಾಪುರಕ್ಕೆ ಹೊರಡುತ್ತಾನೆ.